ಅತ್ತೆಯ ಜೊತೆ ಬಾಳೆಕಂದು ತರಲು ಹೋದದ್ದು

ಸಂಕೇಶ್ವರದ ಬಸ್ ಸ್ಟ್ಯಾಂಡಿಗೆ ಕೊಲ್ಲಾಪುರದ ಬಸ್ಸು ಬಂದು ನಿಂತಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ನಮ್ಮ ಅತ್ತೆ ಗಂಗವ್ವ ಜನರ ನಡುವೆ ನುಗ್ಗಿ ನನಗಿಂತ ಮೊದಲೇ ಹತ್ತಿಬಿಟ್ಟರು. ನಾನು ಒಳಗೆ ಹೋಗುವಷ್ಟರಲ್ಲಿ ಕಿಟಕಿಯ ಪಕ್ಕ ಕುಳಿತು, ಪಕ್ಕದ ಜಾಗದ ಮೇಲೆ ರೊಟ್ಟಿಯ ಗಂಟು ಇಟ್ಟು ಕಾಯುತ್ತಿದ್ದರು. "ಬಾ ಶಾಂತಾ, ಕುಂಡ್ರು. ಕಿಟಕಿ ಮಾತ್ರ ನಂದು," ಎಂದರು. ಸಂಕೇಶ್ವರದ ಸಂತೆಯಿಂದ ಆಚೆಗೆ ಅವರು ಹೊರಟಿದ್ದು ಅದೇ ಮೊದಲು.

ನಾವು ಹೊರಟಿದ್ದು ಬಾಳೆಕಂದು, ಅಂದರೆ ನೆಡುವ ಬಾಳೆಮರಿ, ತರಲಿಕ್ಕೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮದುವೆಯಾಗಿ ಆ ಮನೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮದು ಸಂಕೇಶ್ವರದಿಂದ ಒಳಗಿನ ಒಂದು ಹಳ್ಳಿ. ಹೊಲವೆಲ್ಲ ಮಾವನದು, ಮನೆಯ ಹಿಂದಿನ ಬಾಳೆತೋಟ ಅತ್ತೆಯದು ಎಂಬುದು ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಎಲ್ಲರೂ ಒಪ್ಪಿದ್ದ ಮಾತು. ತೋಟದಲ್ಲಿ ಇದ್ದದ್ದು ಒಂದೇ ಜಾತಿ, ಜವಾರಿ ಬಾಳೆ. ಹಿಂದಿನ ಮಳೆಗಾಲದಿಂದ ಅದಕ್ಕೆ ಸೊರಗು ರೋಗ ಬಿದ್ದಿತ್ತು. ಮೊದಲು ಕೆಳಗಿನ ಎಲೆಗಳ ಅಂಚು ಹಳದಿಯಾಗುತ್ತಿತ್ತು. ಆಮೇಲೆ ಎಲೆ ಬುಡದಲ್ಲಿ ಮುರಿದು ದಿಂಡಿನ ಸುತ್ತ ಲಂಗದಂತೆ ಜೋತುಬೀಳುತ್ತಿತ್ತು. ಗೊನೆ ಹಾಕುವ ಮೊದಲೇ ಗಿಡ ಒಣಗುತ್ತಿತ್ತು. ಯುಗಾದಿಯ ಹೊತ್ತಿಗೆ ತೋಟದಲ್ಲಿ ಹಸಿರು ಹುಡುಕಬೇಕಾಗಿತ್ತು.

ಸುತ್ತಮುತ್ತಲಿನವರೆಲ್ಲ ಕಬ್ಬಿನ ಕಡೆ ತಿರುಗಿದ್ದರು. ಮಾವನಿಗೂ ಅದೇ ಆಸೆ. "ಮಿರಗ ಕೂಡೂದ್ರಾಗ ಚಲೋ ಮರಿ ಬಂದ್ರ ಬಾಳಿ, ಇಲ್ಲಂದ್ರ ಕಬ್ಬ. ಭೂಮಿ ಬರಿದ ಬಿಡಾಕ ಆಗಂಗಿಲ್ಲ," ಎಂದು ಒಂದು ಸಂಜೆ ಹೇಳಿಬಿಟ್ಟರು. ಮಿರಗ ಎಂದರೆ ಮೃಗಶಿರಾ ಮಳೆ. ಅದು ಬಾಗಿಲಿಗೆ ಬಂದಿತ್ತು. ಮರುದಿನ ಅತ್ತೆ ನನ್ನನ್ನು ಕರೆದು, "ನಿನಗ ಮರಾಠಿ ಬರ್ತೈತೆಲ್ಲ, ನನ್ನ ಕೂಡ ಬರ್ತೀಯೇನು?" ಎಂದು ಕೇಳಿದರು. ನಾನು ನಿಪ್ಪಾಣಿಯಲ್ಲಿ ಮರಾಠಿ ಶಾಲೆಯಲ್ಲಿ ಓದಿದವಳು. ಅತ್ತೆಯ ತಂಗಿ ನೀಲವ್ವ ಇಚಲಕರಂಜಿಯಲ್ಲಿದ್ದರು, ಅವರ ಹಿತ್ತಿಲಲ್ಲಿ ಬಾಳೆ ಇತ್ತು. ದಾರಿಯಲ್ಲಿ ಕೊಲ್ಲಾಪುರದಲ್ಲಿ ಬಾಳೆ ಬೆಳೆಗಾರರ ಮೇಳವಿದೆ ಎಂದು ರೇಡಿಯೋದಲ್ಲಿ ಕೇಳಿದ್ದೆ. ನನ್ನ ಯಜಮಾನರು ಬಿತ್ತನೆಗೆ ಹೊಲ ಹದ ಮಾಡುವುದರಲ್ಲಿದ್ದರು. ಹೀಗಾಗಿ ಹೆಂಗಸರಿಬ್ಬರೇ ಹೊರಟೆವು.

ನಿಪ್ಪಾಣಿ ದಾಟುವವರೆಗೆ ಅತ್ತೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಯಾರ ಹೊಲ ಹರಗಿದೆ, ಯಾರ ಬಾವಿಗೆ ಎಂಜಿನ್ ಬಂದಿದೆ ಎಂದು ಗೊತ್ತಿಲ್ಲದ ಊರಿನ ಗೊತ್ತಿಲ್ಲದವರ ಹೊಲಗಳನ್ನೆಲ್ಲ ನೋಡಿ ಹೇಳುತ್ತ ಬಂದರು. ಕಾಗಲದಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ಕಂಡು, "ಇಷ್ಟ ಲಾರಿ ಒಂದ ಕಡೆ ನಿಂತ್ರ ಹೊತ್ತಕೊಂಡ ಹೋಗೂದು ಏನಿರತೈತಿ?" ಎಂದರು. ಮುಂದಿನ ಸೀಟಿನ ಮುದುಕ ಹಿಂದೆ ತಿರುಗಿ ನಕ್ಕು, ಸಕ್ಕರೆ, ಕಬ್ಬಿಣ, ಬಟ್ಟೆ ಎಂದು ವಿವರಿಸಿದ. ಸಕ್ಕರೆ ಎಂದದ್ದೇ ಕಬ್ಬು ನೆನಪಾಗಿ ಅತ್ತೆ ಮತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು.

ಕೊಲ್ಲಾಪುರದಲ್ಲಿ ಮೊದಲು ಅಂಬಾಬಾಯಿ ದೇವಿಯ ದರ್ಶನ ಮಾಡಿಕೊಂಡೆವು. ಮೇಳ ಊರಿನ ಅಂಚಿನ ಒಂದು ಮೈದಾನದಲ್ಲಿತ್ತು. ದೊಡ್ಡ ಮಂಟಪ ಹಾಕಿ, ಬೇರೆ ಬೇರೆ ಜಿಲ್ಲೆಯ ಗೊನೆಗಳನ್ನು ಹಗ್ಗದಲ್ಲಿ ಇಳಿಬಿಟ್ಟಿದ್ದರು. ಗಿಡ್ಡ ಗಿಡದ ಬಸರಾಯಿ, ದಪ್ಪ ಕಾಯಿಯ ರಾಜಾಪುರಿ, ಬೆರಳಷ್ಟೇ ಉದ್ದದ ಏಲಕ್ಕಿ, ಪಲ್ಯಕ್ಕೆಂದೇ ಬೆಳೆಯುವ ಏಣುಏಣಿನ ಕಾಯಿ. ಅತ್ತೆ ಒಂದೊಂದು ಗೊನೆಯನ್ನೂ ಕೆಳಗಿನಿಂದ ಅಂಗೈಯಲ್ಲಿ ಎತ್ತಿ ತೂಕ ನೋಡುತ್ತ ನಡೆದರು. ಮುಟ್ಟಬಾರದೆಂದು ಬರೆದಿದ್ದ ಫಲಕವನ್ನು ನಾನು ಓದಿ ಹೇಳಲಿಲ್ಲ.

ಅಲ್ಲಿ ಮಾತಾಡಿದವರು ಒಬ್ಬ ಮಹಿಳಾ ಕೃಷಿ ಅಧಿಕಾರಿ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿದ್ದಿರಬೇಕು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಜಿನ ಮೇಲೆ ಎರಡು ಬಾಳೆಗಡ್ಡೆ ಇಟ್ಟು, ಎಲ್ಲರ ಎದುರಿಗೇ ಎರಡನ್ನೂ ಕೊಯ್ದರು. ಒಂದರ ಒಳಗೆ ತೆಂಗಿನ ತಿರುಳಿನಂಥ ಬಿಳುಪು. ಇನ್ನೊಂದರಲ್ಲಿ ಕಂದುಗೆಂಪು ಚುಕ್ಕೆ, ಗೆರೆ. "ನಿಮ್ಮ ತೋಟ ಸಾಯೋದು ಇದರಿಂದ," ಎಂದರು ಮರಾಠಿಯಲ್ಲಿ. ರೋಗ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಆದ್ದರಿಂದ ಸತ್ತ ಜಾಗದಲ್ಲೇ ಮತ್ತೆ ಬಾಳೆ ನೆಡಬೇಡಿ. ಅಲ್ಲಿ ಕೆಲವು ವರ್ಷ ಭತ್ತವೋ ಕಬ್ಬೋ ಬೆಳೆಯಿರಿ. ರೋಗದ ತೋಟದ ನೀರು ಹೊಸ ತೋಟಕ್ಕೆ ಹರಿಯಬಾರದು. ತೋಟವೆಲ್ಲ ಒಂದೇ ಜಾತಿ ಇದ್ದರೆ ಬಂದ ರೋಗ ಎಲ್ಲವನ್ನೂ ಒಟ್ಟಿಗೇ ಕೊಂಡೊಯ್ಯುತ್ತದೆ, ಆದ್ದರಿಂದ ಬೆರೆಸಿ ನೆಡಿ. ನಿಮ್ಮ ಕಡೆಗೆ ರಾಜಾಪುರಿ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಅಗಲ ಎಲೆಯ ಕಂದು ತೆಗೆದುಕೊಳ್ಳಬೇಡಿ, ಕತ್ತಿಯಂಥ ಸಣ್ಣ ಎಲೆಯದು ತೆಗೆದುಕೊಳ್ಳಿ. ಕೊನೆಗೆ ಕೈಯಲ್ಲಿದ್ದ ಚಾಕು ಎತ್ತಿ, "ಆಧೀ ಕಾಪೂನ ಬಘಾ, ಮಗ ಲಾವಾ," ಎಂದರು.

"ಏನಂದ್ಳ ಆಕಿ?" ಎಂದರು ಅತ್ತೆ.

"ಮೊದಲ ಕೊಯ್ದ ನೋಡ್ರಿ, ಆಮ್ಯಾಲ ಹಚ್ಚರಿ ಅಂತಾರ್ರಿ."

ಅತ್ತೆ ತಲೆಯಾಡಿಸಿದರು. ಮಾತು ಮುಗಿದ ಮೇಲೆ ಮುಂದೆ ಹೋಗಿ, ಆ ಅಧಿಕಾರಿಯ ಕೈ ಹಿಡಿದು, ಆಕೆಗೆ ತಿಳಿಯದ ಕನ್ನಡದಲ್ಲಿ ನಮ್ಮ ತೋಟದ ಕಥೆಯನ್ನೆಲ್ಲ ಹೇಳಿದರು. ಅತ್ತೆ ಹೇಳಿದ್ದನ್ನು ನಾನು ಮರಾಠಿಗೆ ತರುತ್ತಿದ್ದೆ, ಆದರೆ ನನ್ನ ಮಾತಿಗೆ ಕಾಯದೆಯೇ ಆಕೆ ಅತ್ತೆಯ ಮುಖ ನೋಡಿ ಹೂಂಗುಡುತ್ತಿದ್ದರು. ಹೊರಡುವಾಗ ಮೇಜಿನ ಮೇಲಿದ್ದ ರಾಜಾಪುರಿ ಹಣ್ಣಿನ ಒಂದು ಚಿಪ್ಪು ಅತ್ತೆಯ ಕೈಗಿಟ್ಟರು.

ಆ ಹಣ್ಣು ಮತ್ತು ನಮ್ಮ ರೊಟ್ಟಿ, ಶೇಂಗಾ ಚಟ್ನಿ ಎಲ್ಲವನ್ನೂ ರಂಕಾಳೆಯ ದಂಡೆಯಲ್ಲಿ ಕುಳಿತು ತಿಂದೆವು. ಕೆರೆಯ ಮೇಲಿಂದ ತಂಪು ಗಾಳಿ ಬರುತ್ತಿತ್ತು. ಅತ್ತೆಗೆ ಕಾಗದದ ಪೊಟ್ಟಣದಲ್ಲಿ ಭೇಳ ಕೊಡಿಸಿದೆ. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು, ಆದರೂ ಕಾಗದ ಬಿಡಲಿಲ್ಲ. "ಖಾರ ಭಾಳ ಐತಿ," ಎನ್ನುತ್ತ ಕೊನೆಯ ಚುರುಮುರಿಯವರೆಗೆ ತಿಂದರು. ಮನೆಯಲ್ಲಿ ಅವರನ್ನು ಕಂಡರೆ ನನಗೆ ಸ್ವಲ್ಪ ಅಂಜಿಕೆ ಇತ್ತು. ಮೂಗು ಒರೆಸಿಕೊಳ್ಳುತ್ತ ನಗುತ್ತಿದ್ದ ಆ ಹೆಂಗಸನ್ನು ನೋಡುತ್ತ ಅದು ಯಾವಾಗ ಹೋಯಿತೋ ತಿಳಿಯಲಿಲ್ಲ.

ಸಂಜೆಗೆ ಇಚಲಕರಂಜಿ ಮುಟ್ಟಿದೆವು. ನೀಲವ್ವನ ಮನೆ ಅಲ್ಲಿನ ಶಹಾಪುರ ಬಡಾವಣೆಯಲ್ಲಿ, ಮಗ್ಗದ ಶೆಡ್ಡುಗಳ ನಡುವಿನ ಒಂದು ಸಾಲಿನಲ್ಲಿ. ಎರಡೂ ಕಡೆಯಿಂದ ಪವರ್‌ಲೂಮಿನ ಖಟಖಟ ಸದ್ದು. ಬೀದಿಯಲ್ಲಿ ಮಾತಾಡುವವರೆಲ್ಲ ಸಹಜವಾಗಿಯೇ ಕೂಗಿ ಮಾತಾಡುತ್ತಿದ್ದರು. ನೀಲವ್ವ ಅಕ್ಕನನ್ನು ಬಾಗಿಲಲ್ಲಿ ಕಂಡು ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ಅಪ್ಪಿಕೊಂಡರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅಕ್ಕ ತನ್ನ ಮನೆಗೆ ಬಂದಳಲ್ಲ ಎಂದು ಆ ಸಂಜೆಯೇ ಹೂರಣ ಅರೆದು ಹೋಳಿಗೆ ಮಾಡಿದರು.

ಮರುದಿನ ಬೆಳಿಗ್ಗೆ ಅವರ ಹಿತ್ತಿಲು ನೋಡಿದೆವು. ಬಚ್ಚಲ ನೀರು ಹರಿಯುವಲ್ಲಿ ಬಾಳೆಯ ಹಿಂಡು ದಟ್ಟವಾಗಿ ಬೆಳೆದಿತ್ತು. ನೀಲವ್ವ ನಾವು ಏಳುವ ಮೊದಲೇ ಎಂಟು ಹತ್ತು ಕಂದು ಅಗೆದು, ತೊಳೆದು, ಮದುವೆಯ ಹುಡುಗಿಯರಂತೆ ಸಾಲಾಗಿ ನಿಲ್ಲಿಸಿದ್ದರು. ಅತ್ತೆಯ ಮುಖ ಅರಳಿತು. ನಾನು ಹಿಂಡಿನ ಹಿಂದೆ ಹೋಗಿ ನೋಡಿದೆ. ಒಂದು ಗಿಡದ ಕೆಳಗಿನ ಎಲೆ ಹಳದಿಯಾಗಿತ್ತು. ಎಲೆ ವಯಸ್ಸಾದರೂ ಹಳದಿಯಾಗುತ್ತದೆ, ಸುಮ್ಮನಿರಲೇ ಎಂದುಕೊಂಡೆ. ಆದರೆ ಮನಸ್ಸು ಕೇಳಲಿಲ್ಲ.

"ಅತ್ಯಾರ, ಒಂದ ಕೊಯ್ದ ನೋಡೂಣೇನ್ರಿ?" ಎಂದೆ.

ನೀಲವ್ವ ಅಕ್ಕನ ಮುಖ ನೋಡಿದರು. ಅತ್ತೆ ನನ್ನ ಮುಖ ನೋಡಿದರು. ತಂಗಿ ಪ್ರೀತಿಯಿಂದ ಕೊಟ್ಟದ್ದನ್ನು ಪರೀಕ್ಷೆ ಮಾಡುವುದೇ ಎಂಬುದು ಅವರ ಕಣ್ಣಲ್ಲಿತ್ತು. ಆಮೇಲೆ ಅತ್ತೆಯೇ ಕುಡುಗೋಲು ತೆಗೆದುಕೊಂಡು ಒಂದು ಗಡ್ಡೆಯನ್ನು ನಡುವೆ ಕೊಯ್ದರು. ಒಳಗೆ ಕಂದುಗೆಂಪು ಚುಕ್ಕೆಗಳು. ಇನ್ನೊಂದು ಕೊಯ್ದರು, ಅದೂ ಹಾಗೆಯೇ. ಕುಡುಗೋಲು ಕೆಳಗಿಟ್ಟು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟರು.

ನೀಲವ್ವನಿಗೆ ಸಿಟ್ಟು ಬರಬಹುದೆಂದು ನಾನು ಹೆದರಿದ್ದೆ. ಅವರು ಅಕ್ಕನ ಪಕ್ಕದಲ್ಲಿ ಕುಳಿತು, "ಚಲೋ ಆತು ಬಿಡ ಅಕ್ಕಾ. ನಾ ಕೊಟ್ಟ ಗಿಡದಿಂದ ನಿನ್ನ ಹೊಲಾ ಹಾಳಾಗಿದ್ರ ಜೀವ್ನಪೂರ್ತಿ ನಿನ್ನ ಮುಂದ ಹೆಂಗ ನಿಂದ್ರತಿದ್ನಿ?" ಎಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

ನಮಗೆ ದಾರಿ ತೋರಿಸಿದವರು ನೀಲವ್ವನ ಗಂಡ. ಪಾಳಿ ಮುಗಿಸಿ, ಕೂದಲ ಮೇಲೆಲ್ಲ ಹತ್ತಿಯ ಧೂಳು ಹೊತ್ತು ಬಂದು ವಿಷಯ ಕೇಳಿದರು. ಅವರ ಪಕ್ಕದ ಮಗ್ಗದವನು ನೇಸರಿಯವನಂತೆ; ತನ್ನೂರಿನ ಬೀರಪ್ಪ ಎಂಬವರ ರಾಜಾಪುರಿ ಬಾಳೆಯನ್ನು ದಿನಾ ಹೊಗಳುತ್ತಾನಂತೆ. "ಗಡಹಿಂಗ್ಲಜಕ್ಕ ಹೋಗ್ರಿ, ಅಲ್ಲಿಂದ ನೇಸರಿ ಬಸ್ ಸಿಗತೈತಿ. ಬೀರಪ್ಪಂದು ಕುರಿ ಹಟ್ಟಿ ಯಾವ್ದಂದ್ರ ಸಣ್ಣ ಹುಡುಗ್ರೂ ಹೇಳ್ತಾವ," ಎಂದರು. ಊರಿಗೆ ತಿರುಗುವ ಯೋಚನೆಯಲ್ಲಿದ್ದ ನಾನು ಅತ್ತೆಯ ಕಡೆ ನೋಡಿದೆ. ಅವರು ಆಗಲೇ ಗಂಟು ಕಟ್ಟುತ್ತಿದ್ದರು.

ಕಾಗಲ, ನಿಪ್ಪಾಣಿಯ ಮೇಲೆ ಬಸ್ಸು ಬದಲಿಸುತ್ತ ಗಡಹಿಂಗ್ಲಜಕ್ಕೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಸೆಕೆ ಎಂದರೆ ಸೆಕೆ, ಮೋಡ ಕಟ್ಟುವುದು, ಬಿಚ್ಚುವುದು. ಪೇಟೆಯ ತುಂಬ ಮೆಣಸಿನಕಾಯಿಯ ಘಾಟು. ಒಂದು ಖಾನಾವಳಿಯಲ್ಲಿ ಬಿಸಿ ಜೋಳದ ಭಾಕರಿ, ಕಡಲೆಹಿಟ್ಟಿನ ಝುಣಕಾ ಊಟ ಮಾಡಿ, ಅಲ್ಲೇ ಹತ್ತಿರದ ಮಠದಲ್ಲಿ ತಂಗಿದೆವು. ಖಾನಾವಳಿಯ ಅಕ್ಕ ಮರಾಠಿಯಲ್ಲಿ ಬಡಿಸಲು ಶುರುಮಾಡಿ, ಅತ್ತೆಯ ಮಾತು ಕೇಳಿ ಕನ್ನಡಕ್ಕೆ ತಿರುಗಿ, ಹೊರಡುವಾಗ ತನ್ನ ತವರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದ್ದರು.

ಮರುದಿನ ನೇಸರಿಯಲ್ಲಿ ಇಳಿದಾಗ ಹಾಲಿನ ಕ್ಯಾನುಗಳನ್ನು ಹೊತ್ತ ಸೈಕಲ್ಲುಗಳು ಎದುರಾದವು. ಬೀರಪ್ಪನವರ ಹಟ್ಟಿ ಊರ ಹೊರಗಿತ್ತು. ಅವರೂ ಅವರ ಹೆಂಡತಿ ಲಗಮವ್ವನೂ ತಲೆಮಾರುಗಳ ಹಿಂದೆ ನಮ್ಮ ಕಡೆಯಿಂದ ಕುರಿ ಹೊಡೆದುಕೊಂಡು ಬಂದು ನೆಲೆಸಿದ ಮನೆತನದವರು. ಹಟ್ಟಿಯ ಹಿಂದೆಯೇ ತೋಟ. ಅದನ್ನು ಕಂಡು ಅತ್ತೆ ನಿಂತಲ್ಲೇ ನಿಂತರು. ಆಳೆತ್ತರದ ದಿಂಡುಗಳು, ಹರಿಯದ ಅಗಲ ಎಲೆಗಳು, ಬಾಗಿದ ಗೊನೆಗಳು. ಸಾಲುಗಳ ನಡುವೆ ಅರಿಷಿಣ, ಅಲಸಂದೆಯ ಬಳ್ಳಿ. ರಾಜಾಪುರಿಯ ನಡುನಡುವೆ ಪಲ್ಯದ ಬಾಳೆ, ಅಂಚಿನಲ್ಲಿ ಏಲಕ್ಕಿ.

"ಬಾಳಿ ಹಚ್ಚೂಕಿಂತ ಮೊದಲ ಇಲ್ಲಿ ವರ್ಷಗಟ್ಟಲೆ ನೆಲ್ಲ ಬೆಳದೇವ್ರಿ," ಎಂದು ಬೀರಪ್ಪ ಭತ್ತದ ಮಾತು ತೆಗೆದರು. "ಆಮ್ಯಾಲ ಗೊಬ್ಬರಕಂತ ಕುರಿ ಕೂಡಿಸೇವಿ. ಕುರಿ ಕೂತ ಭೂಮಿ ಬ್ಯಾರೆನ ಇರತೈತಿ." ಕಂದು ಕೊಡಲು ಅವರು ತಕ್ಷಣ ಒಪ್ಪಿದರು. ಆದರೆ ನಾನು ಒಂದನ್ನು ಕೊಯ್ದು ನೋಡಬೇಕು ಎಂದಾಗ ಅವರ ಮುಖ ಬಿಗಿಯಿತು.

"ನನ್ನ ತ್ವಾಟದಾಗ ರೋಗ ಐತೇನಂತ ನೋಡಾಕ ಬಂದೀರೇನು? ಕಣ್ಣಿಗೆ ಕಾಣವಲ್ದೇನು ತಂಗಿ?"

"ಹಂಗಲ್ರಿ ಅಣ್ಣಾರ, ನಿನ್ನೆ ಒಂದ ಕಡೆ..." ಎಂದು ನಾನು ತಡವರಿಸಿದೆ.

"ನಂಬಿಕಿ ಇದ್ರ ಒಯ್ಯಿರಿ, ಇಲ್ಲಂದ್ರ ಬಿಡ್ರಿ," ಎಂದು ಅವರು ಗುದ್ದಲಿ ನೆಲಕ್ಕೆ ಊರಿ ನಿಂತರು. ಇಷ್ಟು ದೂರ ಬಂದು ನನ್ನ ಒಂದು ಮಾತಿನಿಂದ ಎಲ್ಲ ಕೈತಪ್ಪಿತಲ್ಲ ಎಂದುಕೊಂಡೆ. ಆಗ ಅತ್ತೆ ಮುಂದೆ ಬಂದರು. "ಅಣ್ಣಾ, ನಿನ್ನೆ ನನ್ನ ಒಡಹುಟ್ಟಿದ ತಂಗಿ ಕೊಟ್ಟಿದ್ನ ಕೊಯ್ದ ನೋಡೇನಿ. ನಿನ್ನ ಮ್ಯಾಲ ಅನುಮಾನಲ್ಲ. ನಮ್ಮ ತ್ವಾಟ ಕಣ್ಣಮುಂದ ಒಣಗೈತಿ, ಅದಕ್ಕ ಅಂಜಿಕಿ," ಎಂದರು.

ಹಟ್ಟಿಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಲಗಮವ್ವ ಕುಡುಗೋಲು ಹಿಡಿದೇ ಬಂದರು. "ಹೆಣ್ಣ ನೋಡಾಕ ಬಂದವರು ಮಾರಿ ನೋಡದ ಹೊಕ್ಕಾರೇನು? ನಮ್ಮ ಹುಡುಗಿಗೆ ಏನ ಕುಂದ ಐತಿ, ತೋರಸಾಕ ನಾಚಾಕ?" ಎಂದು, ಗಂಡ ಏನಾದರೂ ಹೇಳುವ ಮೊದಲೇ ಒಂದು ಕಂದನ್ನು ಕಿತ್ತು ಗಡ್ಡೆಯನ್ನು ಎರಡು ಹೋಳು ಮಾಡಿ ನಮ್ಮ ಮುಂದೆ ಹಿಡಿದರು. ಒಳಗೆ ಒಂದು ಚುಕ್ಕೆ ಇರಲಿಲ್ಲ. ಹಾಲಿನಂಥ ಬಿಳುಪು. ಅತ್ತೆ ಅದರ ಮೇಲೆ ಬೆರಳಾಡಿಸಿದರು. ಬೀರಪ್ಪ ಬಗ್ಗಿ ನೋಡಿ, ತಡೆಯಲಾರದೆ, "ಭಾಳ ಚಂದ ಐತಲ್ಲ," ಎಂದು ತಾವೇ ಹೇಳಿದರು. ತಮ್ಮ ಗಡ್ಡೆಯ ಒಳಗನ್ನು ಅವರೂ ನೋಡಿರಲಿಲ್ಲವಂತೆ. ಎಲ್ಲರೂ ನಕ್ಕೆವು. ಆಮೇಲೆ ಅವರೇ ಕತ್ತಿಯೆಲೆಯ ಕಂದುಗಳನ್ನು ಆರಿಸಿ ಆರಿಸಿ ಅಗೆದರು, ಬೇರು ಸವರಿದರು, ಗೋಣಿಚೀಲಕ್ಕೆ ತುಂಬಿ ಮೇಲೆ ನೀರು ಚಿಮುಕಿಸಿದರು. ಅವರು ಹೇಳಿದ ಬೆಲೆ ಕೊಟ್ಟೆವು. ಬೆಲೆ ಕಡಿಮೆಯಾಯಿತು ಎಂದು ಅತ್ತೆಯೇ ಎರಡು ಸಲ ಅಂದರು.

ಲಗಮವ್ವ ನಮ್ಮನ್ನು ಹಾಗೇ ಕಳಿಸಲಿಲ್ಲ. ರೊಟ್ಟಿ, ಬೆಣ್ಣೆ ಉಣ್ಣಿಸಿ, ಹಟ್ಟಿಯ ಬಾಗಿಲಲ್ಲಿ ಕಂಬಳಿ ಹಾಸಿ ಕೂರಿಸಿ ಉಡಿ ತುಂಬಿದರು. ಅತ್ತೆಯ ಉಡಿಗೆ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು. ನನ್ನ ಉಡಿಗೆ ಅಕ್ಕಿಯ ಜೊತೆ ಪಲ್ಯದ ಬಾಳೆಯ ಎರಡು ಎಳೆಯ ಕಂದು. "ಇವು ರೊಕ್ಕದ್ವಲ್ಲ, ನನ್ನವು. ನಿನ್ನ ಕೈಲೆ ಹಚ್ಚು," ಎಂದರು. ಸೆರಗಿನಲ್ಲಿ ಆ ಒದ್ದೆ ಕಂದುಗಳ ಭಾರ ಹೊತ್ತು ಎದ್ದು ನಿಂತಾಗ, ಮದುವೆಯಾದ ಮೇಲೆ ಮೊದಲ ಸಲ ಆ ಮನೆಯಲ್ಲಿ ನನ್ನದೂ ಏನೋ ಒಂದು ಇರುತ್ತದೆ ಎನಿಸಿತು.

ಬಸ್ಸಿನಲ್ಲಿ ಚೀಲಗಳನ್ನು ಕಂಡು ಕಂಡಕ್ಟರ್, "ಹೇ ಕಾಯ, ಬಾಗ ಘೇಊನ ಚಾಲಲಾತ ಕಾ?" ಎಂದ. ತೋಟವನ್ನೇ ಹೊತ್ತುಕೊಂಡು ಹೊರಟಿರೇನು ಎಂದು ಅದರ ಅರ್ಥ. ಅತ್ತೆಗೆ ಈ ಮಾತು ತಾನಾಗಿಯೇ ತಿಳಿಯಿತು. "ಹೌದ್ರಿ," ಎಂದರು ಹೆಮ್ಮೆಯಿಂದ. ಚೀಲಗಳು ಬಸ್ಸಿನ ಮೇಲೇರಿದವು. ಬಿಸಿಲಿಗೆ ಕಂದು ಬಾಡುತ್ತವೆಂದು ನಾನು ಚಿಂತೆಯಲ್ಲಿದ್ದೆ. ಗಡಹಿಂಗ್ಲಜ ದಾಟಿ ಸ್ವಲ್ಪ ದೂರ ಬರುತ್ತಲೇ ಪಶ್ಚಿಮದಿಂದ ಕಪ್ಪು ಮೋಡ ಎದ್ದು, ದಪ್ಪ ಹನಿಗಳು ಬಸ್ಸಿನ ತಗಡಿನ ಮೇಲೆ ಬೀಳತೊಡಗಿದವು. ಎಲ್ಲರೂ ಕಿಟಕಿ ಮುಚ್ಚಿದರು. ಅತ್ತೆ ಮಾತ್ರ ಮುಚ್ಚಲಿಲ್ಲ. ಮುಖದ ಮೇಲೆ ಮಳೆ ಬೀಳಿಸಿಕೊಳ್ಳುತ್ತ, ತುಂಬ ಹೊತ್ತು ಏನನ್ನೋ ಯೋಚಿಸುತ್ತ ಕುಳಿತರು.

ನಮ್ಮೂರಿನ ದಾರಿ ಒಡೆಯುವಲ್ಲಿ ಇಳಿದು, ಅಲ್ಲಿ ಸಿಕ್ಕ ಚಕ್ಕಡಿಯಲ್ಲಿ ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಮಾವ ಅಂಗಳದಲ್ಲೇ ಇದ್ದರು. ಚೀಲದಿಂದ ಒಂದು ಕಂದು ತೆಗೆದು ತಿರುಗಿಸಿ ನೋಡಿದರು, ಗಡ್ಡೆ ಮೂಸಿದರು. "ಚಲೋ ಅದಾವ," ಎಂದರು. "ನಾಳೆ ತ್ವಾಟದಾಗ ಗುಂಡಿ ತಗಸ್ತೇನಿ."

"ಹಳೇ ತ್ವಾಟದಾಗ ಹಚ್ಚಾಕ ಬರಂಗಿಲ್ಲಂತ್ರಿ," ಎಂದರು ಅತ್ತೆ. "ಮಣ್ಣಾಗ ರೋಗ ಕುಂತೈತಂತ. ನೆಲ್ಲ ಬೆಳದ ಭೂಮಿ ಬೇಕಂತ. ಬಾವಿ ಕಡೆ ಪಟ್ಟಿ ಕೊಡ್ರಿ."

ಬಾವಿ ಕಡೆಯ ಪಟ್ಟಿ ಮಾವನ ಹೊಲಗಳಲ್ಲೇ ಒಳ್ಳೆಯದು, ವರ್ಷವೂ ಭತ್ತ ಕೊಡುತ್ತಿದ್ದದ್ದು. ಬಾಳೆ ಉಳಿದರೆ ಕಬ್ಬನ್ನು ಅಲ್ಲಿ ಹಚ್ಚಬೇಕೆಂದು ಅವರ ಲೆಕ್ಕವಿತ್ತು. ಮಾವ ಕಂದನ್ನು ಕೆಳಗಿಟ್ಟರು. "ಅದನ್ನ ನಿನಗ ಕೊಟ್ರ ನಾ ಕಬ್ಬ ಎಲ್ಲಿ ಹಚ್ಚಲಿ?"

"ನನ್ನ ತ್ವಾಟದಾಗ ಹಚ್ಚರಿ," ಎಂದರು ಅತ್ತೆ ಮೆಲ್ಲಗೆ. "ಕಬ್ಬಿಗೆ ಆ ರೋಗ ಹತ್ತಂಗಿಲ್ಲಂತ. ನಿಮ್ಮ ಕಬ್ಬ ನಿಮಗ, ನನ್ನ ಬಾಳಿ ನನಗ."

ಮಾವ ಅತ್ತೆಯನ್ನು, ನನ್ನನ್ನು, ಮತ್ತೆ ಅತ್ತೆಯನ್ನು ನೋಡಿದರು. ಒಳಗಿನಿಂದ ಬಂದ ನನ್ನ ಯಜಮಾನರ ಕಡೆ ತಿರುಗಿ, "ಕೇಳಿದೇನಪಾ? ನಿಮ್ಮವ್ವ ಬಾಳಿ ತರ್ತೇನಂತ ಹೋಗಿ ನನ್ನ ಹೊಲಾ ಗೆದ್ದ ಬಂದಾಳ," ಎಂದು ಜೋರಾಗಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅತ್ತೆ ಚಹಾ ಮಾಡಲು ಒಳಗೆ ಹೊರಟರು. ಮಾವ ತಡೆದರು. "ಚಾ ಎಲ್ಲಿ ಹೊಕ್ಕೈತಿ? ಮಳಿ ಬಂದ ನೆಲಾ ಮೆತ್ತಗ ಆಗೈತಿ. ನಡ್ರಿ," ಎಂದು ಸಲಿಕೆ ಹೆಗಲಿಗೇರಿಸಿ ಬಾವಿಯ ಕಡೆ ಹೆಜ್ಜೆ ಹಾಕಿದರು. ನನ್ನ ಯಜಮಾನರು ಚೀಲ ಹೊತ್ತರು. ಅತ್ತೆಯೂ ನಾನೂ ಬಸ್ಸಿನ ಧೂಳು ಹತ್ತಿದ ಸೀರೆಯಲ್ಲೇ, ಚಪ್ಪಲಿ ಅಂಗಳದಲ್ಲಿ ಬಿಟ್ಟು, ಒದ್ದೆ ಬದುವಿನ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಅವರ ಹಿಂದೆ ನಡೆದೆವು.